ಮುರಳಿಯ ಮೊಣಕೈ, ಪರ್ತ್‌ನ ಕ್ಯಾಮೆರಾ, 15 ಡಿಗ್ರಿ: ಒಂದು ಪ್ರಕರಣದ ಪೂರ್ತಿ ಕಥೆ

ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಕಂಪ್ಯೂಟರ್ ಏನ್ ಮಾಡುತ್ತೆ ಅಂತ ಕೇಳಿದ್ರೆ ಜಾಸ್ತಿ ಜನ ಎಂಆರ್‌ಐ, ಸ್ಕ್ಯಾನಿಂಗ್, ಕೈಗೆ ಕಟ್ಕೊಳ್ಳೋ ವಾಚು ಅಂತ ಹೇಳ್ತಾರೆ. ಅದೂ ಸರಿನೇ. ಆದ್ರೆ ಕಂಪ್ಯೂಟರ್ ಒಬ್ಬ ಆಟಗಾರನ ಮಾನ, ಕೆಲಸ ಎರಡನ್ನೂ ಉಳಿಸಿ, ಕೊನೆಗೆ ಇಡೀ ಆಟದ ನಿಯಮವನ್ನೇ ಬದಲಾಯಿಸಿದ್ದು ನೋಡ್ಬೇಕು ಅಂದ್ರೆ ಬೌಲ್ ಮಾಡಲ್ಲ, ಮೊಣಕೈ ಚಾಚಿ ಬಾಲ್ ಎಸೀತಾರೆ ಅನ್ನೋ ಆರೋಪ ಹೊತ್ತ ಶ್ರೀಲಂಕಾದ ಸ್ಪಿನ್ ಬೌಲರ್ ಮುತ್ತಯ್ಯ ಮುರಳೀಧರನ್ ಪ್ರಕರಣಕ್ಕಿಂತ ಒಳ್ಳೆ ಉದಾಹರಣೆ ನಂಗಂತೂ ಗೊತ್ತಿಲ್ಲ. ಈ ಕೇಸನ್ನ ಎಲ್ರೂ ಅರ್ಧರ್ಧ ಹೇಳ್ತಾರೆ. ಒಂದು ಕಡೆಯವರು "ಲ್ಯಾಬ್‌ನಲ್ಲಿ ಪಾಸ್ ಆಗಿದಾರೆ, ಮುಗೀತು" ಅಂತಾರೆ, ಇನ್ನೊಂದು ಕಡೆಯವರು "ಅವ್ರಿಗೋಸ್ಕರ ರೂಲ್ಸೇ ಚೇಂಜ್ ಮಾಡಿದ್ರು" ಅಂತಾರೆ. ನಿಜವಾಗ್ಲೂ ನಡೆದದ್ದು ಇವೆರಡೂ ಅಲ್ಲ, ಅದಕ್ಕೇ ಮೊದಲಿಂದ ಬರೀತಿದೀನಿ.

ಮೊದಲು ಘಟನೆ. 1995ರ ಡಿಸೆಂಬರ್ 26, ಮೆಲ್ಬರ್ನ್, ಬಾಕ್ಸಿಂಗ್ ಡೇ ಟೆಸ್ಟ್, ಆಸ್ಟ್ರೇಲಿಯಾ ವಿರುದ್ಧ ಶ್ರೀಲಂಕಾ. ಅಂಪೈರ್ ಡ್ಯಾರೆಲ್ ಹೇರ್ ಅವರು ಬೌಲರ್ ತುದಿಯಲ್ಲಿ ನಿಂತುಕೊಂಡೇ ಮುರಳಿಯ ಎಸೆತಗಳನ್ನ ನೋ ಬಾಲ್ ಅಂತ ಕೂಗೋಕೆ ಶುರು ಮಾಡಿದ್ರು, ಮೂರು ಓವರ್‌ನಲ್ಲಿ ಏಳು ಸಲ. ಕಾಲು ಗೆರೆ ದಾಟಿದ್ದಕ್ಕಲ್ಲ, ಬಾಲ್ ಎಸೀತಿದಾರೆ, ಅಂದ್ರೆ ಚಕ್ ಮಾಡ್ತಿದಾರೆ ಅಂತ. ಆಮೇಲೆ ಕ್ಯಾಪ್ಟನ್ ಅರ್ಜುನ ರಣತುಂಗ ಮುರಳಿಯನ್ನ ಇನ್ನೊಂದು ತುದಿಗೆ ಬದಲಾಯಿಸಿದ್ರು, ಅಲ್ಲಿದ್ದ ಅಂಪೈರ್ ಸ್ಟೀವ್ ಡನ್ ಏನೂ ಕೂಗಲಿಲ್ಲ. ಅದೇ ದಿನ, ಅದೇ ಕೈ, ಅದೇ ಆಕ್ಷನ್, ಒಬ್ಬರ ಕಣ್ಣಿಗೆ ತಪ್ಪು, ಇನ್ನೊಬ್ಬರ ಕಣ್ಣಿಗೆ ಸರಿ. ಇದನ್ನ ಸ್ವಲ್ಪ ನೆನಪಲ್ಲಿಟ್ಕೊಳ್ಳಿ, ಯಾಕಂದ್ರೆ ಮುಂದಿನ ಹತ್ತು ವರ್ಷದ ಗಲಾಟೆಯೆಲ್ಲ ಇದ್ರಲ್ಲೇ ಇದೆ. ಹತ್ತು ದಿನ ಆದ್ಮೇಲೆ ಬ್ರಿಸ್ಬೇನ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಒಂಡೇ ಮ್ಯಾಚಲ್ಲಿ ಅಂಪೈರ್ ರಾಸ್ ಎಮರ್ಸನ್ ಕೂಡ ಕೂಗಿದ್ರು.

ಮುರಳಿಗೆ ಆಗ 23 ವರ್ಷ. ಕ್ಯಾಂಡಿಯ ತಮಿಳು ಹುಡುಗ, ದೊಡ್ಡ ಕ್ರೌಡ್ ಮುಂದೆ ಮೋಸಗಾರ ಅನ್ನಿಸ್ಕೊಂಡು ನಿಲ್ಲೋದು ಹೇಗಿರುತ್ತೆ ಯೋಚನೆ ಮಾಡಿ. ಬೌಲರ್‌ಗೆ ಚಕರ್ ಅನ್ನೋ ಹೆಸರು ಬಂದ್ರೆ ಹೋಗೋದೇ ಇಲ್ಲ, ಮುರಳಿಗಿಂತ ಮುಂಚೆ ಎಷ್ಟೋ ಜನರ ಕರಿಯರ್ ಹಾಗೇ ಮುಗಿದುಹೋಗಿತ್ತು.

ಈಗ ನಿಯಮ ಏನು ಅಂತ ನೋಡೋಣ, ಯಾಕಂದ್ರೆ ಇಲ್ಲೇ ತುಂಬಾ ಜನ ಎಡವೋದು. ಮೊಣಕೈ ಬಗ್ಗಿರಬಾರದು ಅಂತ ನಿಯಮ ಹೇಳೋದೇ ಇಲ್ಲ. ಬಾಲ್ ಬಿಡೋ ಟೈಮಲ್ಲಿ ತೋಳು ಮೇಲೇರಿ ಭುಜದ ಮಟ್ಟಕ್ಕೆ ಬಂದ ಮೇಲಿಂದ, ಬಾಲ್ ಕೈ ಬಿಟ್ಟು ಹೋಗೋ ತನಕ, ಮೊಣಕೈ ನೆಟ್ಟಗಾಗಬಾರದು ಅಷ್ಟೇ. ಅಂದ್ರೆ ಬಗ್ಗಿದ ಕೈಯನ್ನ ಬಗ್ಗಿಸಿಕೊಂಡೇ ಇಟ್ಟು ಬೌಲ್ ಮಾಡಿದ್ರೆ ತಪ್ಪಲ್ಲ, ಬಗ್ಗಿದ್ದನ್ನ ಚಾಚಿದ್ರೆ ತಪ್ಪು. ಪ್ರಶ್ನೆ ಇರೋದು ಕೈ ಎಷ್ಟು ಬಗ್ಗಿದೆ ಅನ್ನೋದ್ರಲ್ಲಲ್ಲ, ಆ ಕ್ಷಣದಲ್ಲಿ ಅದು ಎಷ್ಟು ಬದಲಾಯ್ತು ಅನ್ನೋದ್ರಲ್ಲಿ. ಭುಜದ ಮಟ್ಟದಿಂದ ಬಾಲ್ ಬಿಡೋ ತನಕ ಇರೋ ಟೈಮ್ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. ನಮ್ಮ ಕಡೆ ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್ ಬರ್ತಿತ್ತು, ಒಂದೊಂದು ಫ್ರೇಮಿಗೆ 40 ಮಿಲಿಸೆಕೆಂಡ್, ಹಾಗಾಗಿ ಆ ಇಡೀ ಕ್ರಿಯೆಗೆ ಸಿಗೋದು ಎರಡೋ ಮೂರೋ ಚಿತ್ರ. ಆ ಎರಡು ಮೂರು ಚಿತ್ರ ಇಟ್ಕೊಂಡು ಸ್ಟುಡಿಯೋದಲ್ಲಿ ಗೆರೆ ಎಳೆದು ತೋರಿಸಿ ತೀರ್ಪು ಕೊಡ್ತಿದ್ರು.

ಮುರಳಿಯ ಕೈ ವಿಷಯಕ್ಕೆ ಬಂದ್ರೆ, ಅವರ ಬಲಗೈ ಮೊಣಕೈ ಹುಟ್ಟಿದಾಗಿಂದ ಪೂರ್ತಿ ನೆಟ್ಟಗಾಗೋದೇ ಇಲ್ಲ. ಎಷ್ಟೇ ಚಾಚಿದ್ರೂ ಮೂವತ್ತು ಡಿಗ್ರಿಗೂ ಜಾಸ್ತಿ ಬಗ್ಗೇ ಇರುತ್ತೆ, ಯಾರಾದ್ರೂ ಹಿಡಿದು ಎಳೆದ್ರೂ ಅಷ್ಟೇ. ಇದು ಮೂಳೆ ಡಾಕ್ಟರ್ ಟೇಬಲ್ ಮೇಲೆ ಕೂರಿಸಿ ಅಳತೆಪಟ್ಟಿ ಇಟ್ಟು ನೋಡಬಹುದಾದ ವಿಷಯ, ಕಂಪ್ಯೂಟರೇ ಬೇಡ. ಇದರ ಜೊತೆಗೆ ಅವರ ಮಣಿಕಟ್ಟು ಅಸಾಧಾರಣವಾಗಿ ತಿರುಗುತ್ತೆ, ಭುಜ ಕೂಡ ತುಂಬಾ ವೇಗವಾಗಿ ತಿರುಗುತ್ತೆ. ಅಂದ್ರೆ ಚಕಿಂಗ್ ಅಂತ ಕಣ್ಣಿಗೆ ಅನ್ನಿಸೋಕೆ ಬೇಕಾದ ಎಲ್ಲಾ ಲಕ್ಷಣ ಒಂದೇ ದೇಹದಲ್ಲಿ ಕೂಡಿಬಿಟ್ಟಿದ್ವು.

ಕಣ್ಣು ಯಾಕೆ ಮೋಸ ಹೋಗುತ್ತೆ ಅನ್ನೋದನ್ನ ಮನೇಲೇ ನೋಡ್ಬಹುದು. ಒಂದು ಗಟ್ಟಿ ತಂತಿ ತಗೊಂಡು ಸ್ವಲ್ಪ ಬಗ್ಗಿಸಿ, ಬಿಸಿಲಲ್ಲಿ ಗೋಡೆ ಮುಂದೆ ಹಿಡ್ಕೊಂಡು ನಿಧಾನಕ್ಕೆ ತಿರುಗಿಸಿ. ತಂತಿ ಬಗ್ಗಿರೋದು ಹಾಗೇ ಇರುತ್ತೆ, ಆದ್ರೆ ಗೋಡೆ ಮೇಲಿನ ನೆರಳು ಒಮ್ಮೆ ಬಗ್ಗಿದ ಹಾಗೆ, ಒಮ್ಮೆ ನೆಟ್ಟಗಾದ ಹಾಗೆ ಕಾಣುತ್ತೆ. ಅಂಪೈರ್ ನೋಡ್ತಿದ್ದದ್ದು, ಟಿವಿ ಕ್ಯಾಮೆರಾ ನೋಡ್ತಿದ್ದದ್ದು ಆ ನೆರಳನ್ನ. ಮೂರು ಆಯಾಮದಲ್ಲಿ ತಿರುಗ್ತಿರೋ ಬಗ್ಗಿದ ಕೈಯನ್ನ ಒಂದೇ ಕಡೆಯಿಂದ ನೋಡಿದ್ರೆ ಚಾಚಿದ ಹಾಗೇ ಕಾಣುತ್ತೆ, ಅದು ಅಂಪೈರ್ ತಪ್ಪಲ್ಲ. ಹೇರ್ ಅವರು ಬೇಕಂತಲೇ ಮಾಡಿದ್ರು ಅಂತ ನಾನು ಹೇಳೋದಿಲ್ಲ, ಅವರಿಗೆ ಕಂಡದ್ದನ್ನ ಕೂಗಿದ್ರು, ಕಂಡದ್ದೇ ನಂಬೋಕೆ ಆಗದಂಥದ್ದು ಆಗಿತ್ತು.

1996ರಲ್ಲಿ ಮುರಳಿಯನ್ನ ಎರಡು ಕಡೆ ಪರೀಕ್ಷೆ ಮಾಡಿದ್ರು, ಪರ್ತ್‌ನ ವೆಸ್ಟರ್ನ್ ಆಸ್ಟ್ರೇಲಿಯಾ ಯೂನಿವರ್ಸಿಟಿಯಲ್ಲಿ ಮತ್ತೆ ಹಾಂಗ್‌ಕಾಂಗ್‌ನ ಯೂನಿವರ್ಸಿಟಿ ಆಫ್ ಸೈನ್ಸ್ ಅಂಡ್ ಟೆಕ್ನಾಲಜಿಯಲ್ಲಿ. ಬೇರೆ ಬೇರೆ ದಿಕ್ಕಿಂದ ಹೈಸ್ಪೀಡ್ ಕ್ಯಾಮೆರಾ ಇಟ್ಟು, ಆ ಚಿತ್ರಗಳನ್ನ ಕಂಪ್ಯೂಟರ್‌ನಲ್ಲಿ ಸೇರಿಸಿ ಕೈಯ ಚಲನೆಯನ್ನ ಮೂರು ಆಯಾಮದಲ್ಲಿ ಮತ್ತೆ ಕಟ್ಟಿದ್ರು. ಕೊನೆಗೆ ಹೇಳಿದ್ದೇನಂದ್ರೆ ಇದು ಚಕಿಂಗ್ ಹಾಗೆ ಕಾಣೋ ದೃಷ್ಟಿಭ್ರಮೆ ಅಂತ. ಐಸಿಸಿ ಒಪ್ಕೊಳ್ತು. ಆದ್ರೂ 1999ರ ಜನವರಿಯಲ್ಲಿ ಅಡಿಲೇಡ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಎಮರ್ಸನ್ ಮತ್ತೆ ಕೂಗಿದ್ರು, ರಣತುಂಗ ಟೀಮನ್ನ ಬೌಂಡರಿ ಹತ್ರ ಕರ್ಕೊಂಡು ಹೋಗಿ ನಿಂತ್ರು, ಮ್ಯಾಚ್ ನಿಂತೇ ಹೋಗುತ್ತೇನೋ ಅನ್ನೋ ಹಾಗಾಯ್ತು. ಮತ್ತೆ ಪರೀಕ್ಷೆ, ಮತ್ತೆ ಕ್ಲಿಯರ್.

ಅಸಲಿ ಕೇಸ್ ಶುರುವಾಗೋದು 2004ರಲ್ಲಿ, ದೂಸ್ರಾ ಇಂದ. ಆಫ್ ಸ್ಪಿನ್ನರ್ ಆಕ್ಷನ್‌ನಲ್ಲೇ ಹಾಕಿ ಬಾಲ್ ಉಲ್ಟಾ ತಿರುಗಿಸೋ ಎಸೆತ. ಆಸ್ಟ್ರೇಲಿಯಾ ಶ್ರೀಲಂಕಾಗೆ ಬಂದಿದ್ದ ಸೀರೀಸ್ ಮುಗಿದಾಗ ಮ್ಯಾಚ್ ರೆಫರಿ ಕ್ರಿಸ್ ಬ್ರಾಡ್ ಅವರು ಇದೊಂದು ಎಸೆತದ ಬಗ್ಗೆ ರಿಪೋರ್ಟ್ ಕೊಟ್ರು. ಮುರಳಿ ಮತ್ತೆ ಪರ್ತ್‌ಗೆ ಹೋದ್ರು, ಬಯೋಮೆಕಾನಿಕ್ಸ್, ಅಂದ್ರೆ ದೇಹದ ಚಲನೆ ಅಳೆಯೋ ವಿಜ್ಞಾನದ ತಜ್ಞ ಬ್ರೂಸ್ ಎಲಿಯಟ್ ಅವರ ಲ್ಯಾಬಿಗೆ. 1996ಕ್ಕೂ 2004ಕ್ಕೂ ಮಧ್ಯೆ ಟೆಕ್ನಾಲಜಿ ಬಹಳ ಮುಂದೆ ಬಂದಿತ್ತು, ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಈ ಕೇಸಲ್ಲಿ ನಂಗೆ ಅತೀ ಇಷ್ಟವಾದ ಭಾಗ ಇದೇ.

ಬೌಲರ್ ಶರ್ಟ್ ಬಿಚ್ಚಿ ನಿಲ್ತಾರೆ. ಭುಜ, ತೋಳು, ಮೊಣಕೈ, ಮುಂಗೈ, ಮಣಿಕಟ್ಟಿನ ಮೇಲೆ ಬೆಳಕನ್ನ ವಾಪಸ್ ಹೊಡೆಯೋ ಸಣ್ಣ ಸಣ್ಣ ಗುಂಡುಗಳನ್ನ ಅಂಟಿಸ್ತಾರೆ, ಇವಕ್ಕೆ ಮಾರ್ಕರ್ ಅಂತಾರೆ. ಸುತ್ತ ಹನ್ನೆರಡು ಕ್ಯಾಮೆರಾ, ಕಂಪನಿ ಹೆಸರು ವೈಕಾನ್, ಸೆಕೆಂಡಿಗೆ 250 ಫ್ರೇಮ್. ಪ್ರತಿ ಕ್ಯಾಮೆರಾ ಲೆನ್ಸ್ ಸುತ್ತ ಲೈಟ್ ಇರುತ್ತೆ, ಆ ಬೆಳಕು ಮಾರ್ಕರ್‌ಗೆ ಬಡಿದು ನೇರ ಅದೇ ಕ್ಯಾಮೆರಾಗೆ ವಾಪಸ್ ಬರುತ್ತೆ, ಹಾಗಾಗಿ ಕ್ಯಾಮೆರಾಗೆ ಮನುಷ್ಯ ಕಾಣೋದೇ ಇಲ್ಲ, ಬರೀ ಬಿಳಿ ಚುಕ್ಕೆಗಳು. ಒಂದು ಚುಕ್ಕೆ ಎರಡು ಕ್ಯಾಮೆರಾಗೆ ಕಂಡ್ರೆ ಸಾಕು, ಅದು ಜಾಗದಲ್ಲಿ ಎಲ್ಲಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಬೌಲಿಂಗ್ ಮಾಡುವಾಗ ಕೈಯೇ ಕೆಲವು ಚುಕ್ಕೆಗಳನ್ನ ಮುಚ್ಚಿಬಿಡುತ್ತೆ, ಅದಕ್ಕೇ ಅಷ್ಟೊಂದು ಕ್ಯಾಮೆರಾ ಬೇಕು.

ಚುಕ್ಕೆ ಸಿಕ್ಕಿದ ತಕ್ಷಣ ಮೊಣಕೈ ಕೋನ ಸಿಗೋದಿಲ್ಲ, ನಿಜವಾದ ಕಷ್ಟ ಇಲ್ಲಿಂದ ಶುರು. ಮೊಣಕೈ ಬರೀ ಬಾಗಿಲ ಕೀಲಿನ ಥರ ಬಗ್ಗಿ ಚಾಚೋದಲ್ಲ. ಮುಂಗೈ ತನ್ನ ಸುತ್ತ ತಾನೇ ತಿರುಗುತ್ತೆ, ಜೊತೆಗೆ ತೋಳಿನ ಗೆರೆಯಿಂದ ಪಕ್ಕಕ್ಕೆ ಸ್ವಲ್ಪ ವಾಲಿರುತ್ತೆ, ಈ ವಾಲು ಒಬ್ಬೊಬ್ಬರಿಗೆ ಒಂದೊಂದು ಥರ. ಕಣ್ಣಿಗೆ ಇವು ಮೂರೂ ಕಲಸಿಹೋಗಿ ಒಂದೇ ಬಗ್ಗು ಅನ್ನೋ ಹಾಗೆ ಕಾಣುತ್ತೆ. ಕಂಪ್ಯೂಟರ್ ಮಾಡೋ ದೊಡ್ಡ ಕೆಲಸ ಅಂದ್ರೆ ಈ ಮೂರನ್ನ ಬಿಡಿಸೋದು. ಅದಕ್ಕೆ ಮೊದಲು ಆಟಗಾರನಿಗೆ ಸುಮ್ನೆ ನಿಂತು ಕೈಯನ್ನ ಬಗ್ಗಿಸಿ ಚಾಚೋಕೆ ಹೇಳ್ತಾರೆ, ಆ ಚಲನೆಯಿಂದ ಅವರ ಮೊಣಕೈ ಯಾವ ಅಕ್ಷದ ಸುತ್ತ ತಿರುಗುತ್ತೆ ಅಂತ ಕಂಡುಹಿಡೀತಾರೆ, ಅಂದ್ರೆ ಪುಸ್ತಕದಲ್ಲಿರೋ ಸರಾಸರಿ ಮೊಣಕೈ ಅಲ್ಲ, ಇವರದ್ದೇ ಮೊಣಕೈ. ಮುರಳಿಯಂಥ ಕೈಗೆ ಇದು ಬೇಕೇ ಬೇಕು. ಆಮೇಲೆ ತೋಳು ಭುಜದ ಮಟ್ಟಕ್ಕೆ ಬಂದ ಫ್ರೇಮ್ ಯಾವುದು, ಬಾಲ್ ಬಿಟ್ಟ ಫ್ರೇಮ್ ಯಾವುದು ಅಂತ ಗುರುತು ಮಾಡಿ, ಅದರ ಮಧ್ಯೆ ಕೋನ ಎಷ್ಟು ಬದಲಾಯ್ತು ಅಂತ ಪ್ರತಿ ಎಸೆತಕ್ಕೂ ಲೆಕ್ಕ ತೆಗೀತಾರೆ.

ಇದ್ರಲ್ಲೂ ತೊಂದರೆಗಳಿವೆ, ಅದನ್ನ ಮುಚ್ಚಿಡಬಾರದು. ಮಾರ್ಕರ್ ಅಂಟಿರೋದು ಚರ್ಮದ ಮೇಲೆ, ಮೂಳೆ ಮೇಲಲ್ಲ. ಕೈ ಜೋರಾಗಿ ಬೀಸಿದಾಗ ಚರ್ಮ, ಸ್ನಾಯು ಜಾರುತ್ತೆ, ಮಾರ್ಕರ್ ಅಲ್ಲಾಡುತ್ತೆ. ಆ ಅಲುಗಾಟ ತೆಗೆಯೋಕೆ ಡೇಟಾನ ನಯ ಮಾಡ್ತಾರೆ, ಜಾಸ್ತಿ ನಯ ಮಾಡಿದ್ರೆ ನಿಜವಾದ ಚಲನೆಯೂ ಅಳಿಸಿಹೋಗುತ್ತೆ, ಕಮ್ಮಿ ಮಾಡಿದ್ರೆ ಇಲ್ಲದ ಡಿಗ್ರಿ ಬಂದ್ಬಿಡುತ್ತೆ. ಬಾಲ್ ಬಿಟ್ಟ ಕ್ಷಣದ ಫ್ರೇಮ್ ಒಂದೆರಡು ಆಚೀಚೆ ಆದ್ರೂ ಉತ್ತರ ಬದಲಾಗುತ್ತೆ. ಮೆಷಿನ್‌ನಿಂದ ಬಂದ ನಂಬರ್ ಅಂದ ತಕ್ಷಣ ದೇವರ ವಾಕ್ಯ ಅಂದ್ಕೊಳ್ಳೋರು ಇದನ್ನ ತಿಳ್ಕೊಂಡಿರಬೇಕು, ಆ ನಂಬರ್ ಹಿಂದೆ ಮನುಷ್ಯರು ತಗೊಂಡ ಹತ್ತಾರು ತೀರ್ಮಾನ ಇರುತ್ತೆ.

ರಿಸಲ್ಟ್ ಏನು ಬಂತು? ಮೊದಲ ಪರೀಕ್ಷೆಯಲ್ಲಿ ದೂಸ್ರಾ ಹಾಕುವಾಗ ಕೈ ಸುಮಾರು 14 ಡಿಗ್ರಿ ಚಾಚ್ತಿತ್ತು. ಲ್ಯಾಬಿನವರ ಜೊತೆ ಕೂತು ಆಕ್ಷನ್ ಸ್ವಲ್ಪ ತಿದ್ದಿಕೊಂಡ ಮೇಲೆ ಸುಮಾರು 10 ಡಿಗ್ರಿಗೆ ಇಳೀತು. ಇದು ತೀರ್ಪಿಗಿಂತ ಹೆಚ್ಚಾಗಿ ಚಿಕಿತ್ಸೆ ಥರದ ಕೆಲಸ ಅಂತ ನಂಗನ್ನಿಸುತ್ತೆ: ಎಸೆತ ಹಾಕು, ಸ್ಕ್ರೀನ್ ನೋಡು, ಎಲ್ಲಿ ಕೈ ಚಾಚ್ತಿದೆ ಅಂತ ತಿಳ್ಕೋ, ಬದಲಾಯಿಸು, ಮತ್ತೆ ಹಾಕು. ಆದ್ರೆ ಕೈ ಇಷ್ಟು ಚಾಚಿದ್ರೆ ಪರವಾಗಿಲ್ಲ ಅಂತ ಆಗ ಇಟ್ಟಿದ್ದ ಮಿತಿ ಸ್ಪಿನ್ನರ್‌ಗೆ 5 ಡಿಗ್ರಿ, ಮೀಡಿಯಂ ಪೇಸರ್‌ಗೆ ಏಳೂವರೆ, ಫಾಸ್ಟ್ ಬೌಲರ್‌ಗೆ 10. ಹಾಗಾಗಿ ಇಳಿಸಿದ ಮೇಲೂ ಮಿತಿ ದಾಟಿತ್ತು, ದೂಸ್ರಾ ಹಾಕಬೇಡ ಅಂತ ಹೇಳಿದ್ರು. ಲ್ಯಾಬಿನವರು ಒಂದು ಮಾತು ಎತ್ತಿದ್ರು, ಮುರಳಿಯ ತೋಳು ತಿರುಗೋ ವೇಗ ಕೆಲವು ಫಾಸ್ಟ್ ಬೌಲರ್‌ಗಳಷ್ಟೇ ಇದೆ, ಹಾಗಿದ್ಮೇಲೆ ಅವರಿಗೆ ಬಾಲ್‌ನ ವೇಗ ನೋಡಿ 5 ಡಿಗ್ರಿ ಅಂತ ಹೇಳೋದು ಯಾವ ನ್ಯಾಯ ಅಂತ. ಒಳ್ಳೆ ಪ್ರಶ್ನೆ. ಆ ವರ್ಷದ ಮೇ ತಿಂಗಳಲ್ಲಿ ಮುರಳಿ ಹರಾರೆಯಲ್ಲಿ ಕರ್ಟ್ನಿ ವಾಲ್ಶ್ ಅವರ 519 ವಿಕೆಟ್ ದಾಖಲೆ ಮುರಿದ್ರು, ಅದೇ ಹೊತ್ತಲ್ಲಿ ಆಸ್ಟ್ರೇಲಿಯಾ ಪ್ರಧಾನಿ ಜಾನ್ ಹೊವಾರ್ಡ್ ಅವರು ಪರ್ತ್ ಟೆಸ್ಟಲ್ಲೇ ಸಾಬೀತಾಗಿದೆ, ಅವರು ಚಕರ್ರೇ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಒಂದು ಎಸೆತದ ಬಗ್ಗೆ ಬಂದ ಒಂದು ನಂಬರನ್ನ ಇಡೀ ಮನುಷ್ಯನ ಮೇಲೆ ಹಾಕಿಬಿಟ್ರು. ಮುರಳಿ ಆ ವರ್ಷದ ಆಸ್ಟ್ರೇಲಿಯಾ ಟೂರಿಗೆ ಹೋಗಲೇ ಇಲ್ಲ.

ಇಲ್ಲಿಂದ ಕಥೆ ಮುರಳಿಯ ಕೈ ಬಿಟ್ಟು ಎಲ್ರ ಕೈಗೂ ಬರುತ್ತೆ. ಇಂಗ್ಲೆಂಡ್‌ನಲ್ಲಿ ನಡೆದ 2004ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಐಸಿಸಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ಬೇರೆ ಬೌಲರ್‌ಗಳನ್ನೂ ಚಿತ್ರ ತೆಗೆಸಿತು, ಹಳೇ ಡೇಟಾನೂ ನೋಡ್ತು. ಗೊತ್ತಾಗಿದ್ದೇನಂದ್ರೆ ಹೆಚ್ಚುಕಮ್ಮಿ ಎಲ್ಲಾ ಬೌಲರ್‌ಗಳ ಮೊಣಕೈಯೂ ಬಾಲ್ ಬಿಡುವಾಗ ಸ್ವಲ್ಪ ನೆಟ್ಟಗಾಗುತ್ತೆ. ಕ್ಲೀನ್ ಆಕ್ಷನ್ ಅಂತ ಕೋಚಿಂಗ್ ಕ್ಯಾಂಪಲ್ಲಿ ಮಕ್ಕಳಿಗೆ ತೋರಿಸ್ತಿದ್ದ ಫಾಸ್ಟ್ ಬೌಲರ್‌ಗಳ ಕೈ ಕೂಡ ಆಗಿನ 10 ಡಿಗ್ರಿ ಮಿತಿ ದಾಟ್ತಿತ್ತು. ಅಂದ್ರೆ ನಿಯಮವನ್ನ ಬರೆದ ಹಾಗೇ ಜಾರಿ ಮಾಡಿದ್ರೆ ಕ್ರಿಕೆಟ್ಟಲ್ಲಿ ಬೌಲರ್ರೇ ಇರ್ತಿರಲಿಲ್ಲ. ವೇಗವಾಗಿ ಬೀಸೋ ಕೈಯ ಮೇಲೆ ಬೀಳೋ ಬಲಕ್ಕೆ ಮೊಣಕೈ ಅಷ್ಟಿಷ್ಟು ಚಾಚೋದು ದೇಹದ ಸ್ವಭಾವ, ನೂರು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅಷ್ಟೇ.

ಐಸಿಸಿ ಒಂದು ಕಮಿಟಿ ಮಾಡ್ತು, ಮೈಕಲ್ ಹೋಲ್ಡಿಂಗ್, ಆಂಗಸ್ ಫ್ರೇಸರ್, ಅರವಿಂದ ಡಿ ಸಿಲ್ವಾ, ಟಿಮ್ ಮೇ ಅಂಥ ಮಾಜಿ ಆಟಗಾರರು ಅದ್ರಲ್ಲಿದ್ರು, ಬ್ರೂಸ್ ಎಲಿಯಟ್, ಮಾರ್ಕ್ ಪೋರ್ಟಸ್, ಪಾಲ್ ಹರಿಯನ್ ಅನ್ನೋ ಬಯೋಮೆಕಾನಿಕ್ಸ್ ತಜ್ಞರು ವಿಷಯ ತಿಳಿಸಿಕೊಟ್ರು. ಮುರಳಿಯನ್ನ ಮೊದಲು ಗಟ್ಟಿಯಾಗಿ ಟೀಕಿಸಿದ್ದ ಹೋಲ್ಡಿಂಗ್ ಅವರು ಡೇಟಾ ನೋಡಿದ ಮೇಲೆ ಅಭಿಪ್ರಾಯ ಬದಲಾಯಿಸಿಕೊಂಡು ಅದನ್ನ ಬಹಿರಂಗವಾಗೇ ಹೇಳಿದ್ರು, ಅದಕ್ಕೆ ಅವರ ಮೇಲೆ ನಂಗೆ ತುಂಬಾ ಗೌರವ. 2005ರ ಮಾರ್ಚ್ 1ರಿಂದ ಎಲ್ಲಾ ಬೌಲರ್‌ಗೂ, ಎಲ್ಲಾ ಎಸೆತಕ್ಕೂ 15 ಡಿಗ್ರಿ ಅಂತ ಆಯ್ತು. ಯಾಕೆ 15 ಅಂದ್ರೆ, ಸುಮಾರು ಅಷ್ಟು ಚಾಚಿದಾಗ್ಲೇ ಬರಿಗಣ್ಣಿಗೆ ಚಕಿಂಗ್ ಅಂತ ಕಾಣೋಕೆ ಶುರುವಾಗೋದು ಅನ್ನೋ ಲೆಕ್ಕ. ಇದನ್ನ ಗಮನಿಸಿ: ಕಂಪ್ಯೂಟರ್ 14, 10 ಅಂತ ಹೇಳ್ತು, 15 ಅಂತ ಹೇಳಿದ್ದು ಮನುಷ್ಯರು. ಅಳತೆ ಮೆಷಿನ್ನದು, ಗೆರೆ ನಮ್ಮದು. "ಮುರಳಿಗೋಸ್ಕರ ರೂಲ್ ಬದಲಾಯಿಸಿದ್ರು" ಅನ್ನೋರಿಗೆ ನಾನು ಕೇಳೋದು ಇಷ್ಟೇ, ಹಳೇ ರೂಲ್ ಇಟ್ಕೊಂಡು ನಿಮ್ಮ ಫೇವರಿಟ್ ಫಾಸ್ಟ್ ಬೌಲರನ್ನ ಲ್ಯಾಬಿಗೆ ಕಳಿಸೋಕೆ ನೀವು ತಯಾರಿದ್ರಾ?

ಮಧ್ಯದಲ್ಲಿ ಇನ್ನೊಂದು ನಡೀತು. 2004ರಲ್ಲೇ ಮುರಳಿ ಕೈಗೆ ಉಕ್ಕಿನ ಸರಳು ಇರೋ ಬ್ರೇಸ್ ಹಾಕ್ಕೊಂಡು, ಮೊಣಕೈ ಚಾಚೋಕೇ ಆಗದ ಹಾಗೆ ಮಾಡ್ಕೊಂಡು, ಟಿವಿ ಕ್ಯಾಮೆರಾ ಮುಂದೆ ಆಫ್ ಬ್ರೇಕು, ಟಾಪ್ ಸ್ಪಿನ್ನು, ದೂಸ್ರಾ ಮೂರನ್ನೂ ಹಾಕಿ ತೋರಿಸಿದ್ರು. ವಿಜ್ಞಾನದ ಲೆಕ್ಕದಲ್ಲಿ ಇದು ಲ್ಯಾಬ್ ಟೆಸ್ಟಿನಷ್ಟು ತೂಕದ್ದಲ್ಲ, ಬ್ರೇಸ್ ಇಲ್ಲದೆ ಮ್ಯಾಚಲ್ಲಿ ಏನ್ ಮಾಡ್ತಾರೆ ಅಂತ ಇದು ಹೇಳೋದಿಲ್ಲ. ಆದ್ರೆ ಗ್ರಾಫ್ ನೋಡಿ ನಂಬದ ಸಾವಿರಾರು ಜನ ಇದನ್ನ ನೋಡಿ ನಂಬಿದ್ರು. ಬ್ರೇಸ್ ಹಾಕಿದ್ರೂ ಕೈ ಚಾಚಿದ ಹಾಗೇ ಕಾಣ್ತಿತ್ತು, ಅದೇ ಅದರ ಬೆಲೆ.

ಇಂಥ ಕೈ ಕಥೆ ಕೇಳಿದಾಗೆಲ್ಲ ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್ ನೆನಪಾಗ್ತಾರೆ. ಚಿಕ್ಕವಯಸ್ಸಲ್ಲಿ ಪೋಲಿಯೋ ಬಂದು ಸಣಕಲಾದ ಬಲಗೈಯಲ್ಲೇ 242 ಟೆಸ್ಟ್ ವಿಕೆಟ್ ತೆಗೆದವರು, 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನ ಕೆಡವಿದವರು. ಅವರ ಕೈ ಒಳಗೆ ನಿಜವಾಗಿ ಏನಾಗ್ತಿತ್ತು ಅಂತ ಅಳೆಯೋಕೆ ಆಗ ಯಾವ ಲ್ಯಾಬೂ ಇರಲಿಲ್ಲ. ಆ ಬೌಲಿಂಗನ್ನ ಮೂರು ಆಯಾಮದಲ್ಲಿ ಒಂದು ಸಲ ನೋಡೋ ಹಾಗಿದ್ದಿದ್ರೆ ಅಂತ ಆಸೆ ಆಗುತ್ತೆ.

15 ಡಿಗ್ರಿ ಬಂದ ಮೇಲೆ ಎಲ್ಲಾ ಸರಿಹೋಯ್ತಾ? ಇಲ್ಲ. 2006ರಲ್ಲಿ ಮುರಳಿಯನ್ನ ಪರ್ತ್‌ನಲ್ಲಿ ಇನ್ನೊಂದು ಸಲ ಪರೀಕ್ಷೆ ಮಾಡಿದ್ರು, ದೂಸ್ರಾ ಸೇರಿ ಎಲ್ಲವೂ ಮಿತಿ ಒಳಗೇ ಬಂತು. 2010ರ ಜುಲೈನಲ್ಲಿ ಗಾಲೆಯಲ್ಲಿ ನಮ್ಮ ವಿರುದ್ಧವೇ 800ನೇ ವಿಕೆಟ್ ತಗೊಂಡು ಟೆಸ್ಟ್ ಬಿಟ್ರು, ಆಮೇಲೆ ಮೂರು ಸೀಸನ್ ಆರ್‌ಸಿಬಿಗೂ ಆಡಿದ್ರು, ಚಿನ್ನಸ್ವಾಮಿಯಲ್ಲಿ ಆ ಆಕ್ಷನ್ ಕಣ್ಣಾರೆ ನೋಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದಾರೆ. ಆದ್ರೆ ಒಂದು ಪ್ರಶ್ನೆ ಉಳಿದೇ ಇತ್ತು: ಲ್ಯಾಬಲ್ಲಿ ಹುಷಾರಾಗಿ ಬೌಲ್ ಮಾಡಿ, ಮ್ಯಾಚಲ್ಲಿ ಕೈ ಚಾಚಿದ್ರೆ? ಅದಕ್ಕೇ ಈಗಿನ ಟೆಸ್ಟಲ್ಲಿ ಮ್ಯಾಚ್ ವಿಡಿಯೋ ಜೊತೆ ಹೋಲಿಸಿ ನೋಡ್ತಾರೆ, ಅದೇ ವೇಗ, ಅದೇ ತಿರುವು ಇದೆಯಾ ಅಂತ. 2014ರಲ್ಲಿ ಐಸಿಸಿ ತನ್ನದೇ ಹೊಸ ಪರೀಕ್ಷಾ ವಿಧಾನ ತಂತು, ಪರ್ತ್ ಯೂನಿವರ್ಸಿಟಿಯವರು ಅದನ್ನ ಒಪ್ಪದೆ ಆ ಕೆಲಸದಿಂದ ಹೊರಗೆ ಬಂದ್ರು. ಬ್ರಿಸ್ಬೇನ್, ಕಾರ್ಡಿಫ್, ಲಫ್‌ಬರೋ, ಚೆನ್ನೈನ ಶ್ರೀರಾಮಚಂದ್ರ ಯೂನಿವರ್ಸಿಟಿ ಅಂತ ಬೇರೆ ಲ್ಯಾಬ್‌ಗಳು ಬಂದ್ವು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಸ್ಪಿನ್ನರ್ ಸಯೀದ್ ಅಜ್ಮಲ್ ಅವರ ಎಲ್ಲಾ ಎಸೆತಗಳೂ 15 ದಾಟ್ತವೆ ಅಂತ ಬಂದು ಬ್ಯಾನ್ ಆಯ್ತು. ಆಕ್ಷನ್ ಬದಲಾಯಿಸಿಕೊಂಡು 2015ರಲ್ಲಿ ಬಾಂಗ್ಲಾದೇಶದಲ್ಲಿ ಎರಡ್ಮೂರು ಮ್ಯಾಚ್ ಆಡಿದ್ರು, ಆ ಹಳೇ ಬೌಲರ್ ವಾಪಸ್ ಬರಲೇ ಇಲ್ಲ. ವೆಸ್ಟ್ ಇಂಡೀಸ್ ಸ್ಪಿನ್ನರ್ ಸುನಿಲ್ ನರೈನ್ ಕೂಡ ಅದೇ ದಾರಿ ಹಿಡಿದು, 2015ರ ವರ್ಲ್ಡ್ ಕಪ್ ಬಿಟ್ಟು, ಮತ್ತೆ ರಿಪೋರ್ಟ್ ಆಗಿ, ಮತ್ತೆ ತಿದ್ದಿಕೊಂಡು, ಬೇರೆಯೇ ಆಕ್ಷನ್ ಕಟ್ಕೊಂಡು ಗೆದ್ರು. ಅದೇ ಮೆಷಿನ್, ಅದೇ ಮಿತಿ, ಇಬ್ಬರಿಗೆ ಎರಡು ಭವಿಷ್ಯ. ವ್ಯತ್ಯಾಸ ಇದ್ದದ್ದು ವಯಸ್ಸಲ್ಲಿ, ಸಿಕ್ಕ ಕಾಲಾವಕಾಶದಲ್ಲಿ, ಪಕ್ಕದಲ್ಲಿ ಕೂತು ತಿದ್ದೋ ಕೋಚ್ ಮತ್ತೆ ಫಿಸಿಯೋದಲ್ಲಿ.

ಇದೇ ಕ್ಯಾಮೆರಾ, ಇದೇ ಸಾಫ್ಟ್‌ವೇರ್ ಈಗ ಫಾಸ್ಟ್ ಬೌಲರ್‌ಗಳ ಬೆನ್ನು ನೋಡೋಕೂ ಉಪಯೋಗ ಆಗ್ತಿದೆ. ಬಾಲ್ ಬಿಡುವಾಗ ಸೊಂಟ ಎಷ್ಟು ಪಕ್ಕಕ್ಕೆ ಬಾಗುತ್ತೆ, ಭುಜ ಸೊಂಟದ ಗೆರೆಯಿಂದ ಎಷ್ಟು ತಿರುಚಿಕೊಳ್ಳುತ್ತೆ, ಮುಂಗಾಲು ನೆಲಕ್ಕೆ ಎಷ್ಟು ಜೋರಾಗಿ ಬೀಳುತ್ತೆ ಅನ್ನೋದೆಲ್ಲ ಕೆಳಬೆನ್ನಿನ ಮೂಳೆ ಬಿರುಕಿಗೆ ಸಂಬಂಧಪಟ್ಟದ್ದು, ಅದನ್ನ 16-17ರ ವಯಸ್ಸಲ್ಲೇ ನೋಡಿದ್ರೆ ಹುಡುಗರ ಕರಿಯರ್ ಉಳಿಯುತ್ತೆ.

ನಂಗೆ ಚಿಂತೆ ಇರೋದು ಈ ಲ್ಯಾಬ್‌ಗೆ ಹೋಗೋಕೆ ಆಗದ ಹುಡುಗರ ಬಗ್ಗೆ. ಮುರಳಿ ಟೆಸ್ಟ್ ಆಟಗಾರ ಆಗಿದ್ರು, ಹಿಂದೆ ಒಂದು ದೇಶದ ಬೋರ್ಡ್ ಇತ್ತು, ಪರ್ತ್‌ಗೆ ಕಳಿಸಿದ್ರು. ರಾಯಚೂರಿನಲ್ಲೋ ಶಿವಮೊಗ್ಗದಲ್ಲೋ ಅಂಡರ್ 16 ಆಡೋ ಆಫ್ ಸ್ಪಿನ್ನರ್‌ಗೆ ಅಂಪೈರ್ ಒಂದು ಸಲ ಡೌಟ್ ಪಟ್ರೆ ಅವನಿಗೆ ಹನ್ನೆರಡು ಕ್ಯಾಮೆರಾ ಎಲ್ಲಿಂದ ಬರಬೇಕು? ಮುಂಗೈಗೂ ತೋಳಿಗೂ ಕಟ್ಟೋ ಸಣ್ಣ ಸೆನ್ಸರ್‌ಗಳ ಮೇಲೆ ವರ್ಷಗಳಿಂದ ಕೆಲಸ ನಡೀತಿದೆ, ಮೊಬೈಲ್ ವಿಡಿಯೋದಿಂದಲೇ ದೇಹದ ಕೀಲುಗಳನ್ನ ಗುರುತಿಸೋ ಪ್ರೋಗ್ರಾಂಗಳೂ ಬಂದಿವೆ. ಮೊಬೈಲ್ ಒಂದೇ ಕಡೆಯಿಂದ ನೋಡುತ್ತೆ, ಅಂದ್ರೆ ಮತ್ತೆ ಅದೇ ನೆರಳಿನ ಸಮಸ್ಯೆ, ಹಾಗಾಗಿ ಅದರ ಮೇಲೆ ಯಾವ ಹುಡುಗನಿಗೂ ಚಕರ್ ಅಂತ ಪಟ್ಟ ಕಟ್ಟಬಾರದು. ಸೆನ್ಸರ್ ಇಟ್ಕೊಂಡು ಜಿಲ್ಲಾ ಮಟ್ಟದಲ್ಲಿ ಒಬ್ಬ ಫಿಸಿಯೋ, ಒಬ್ಬ ಕೋಚ್ ಸೇರಿ ಮೊದಲ ಹಂತದ ಪರೀಕ್ಷೆ ಮಾಡೋ ಹಾಗಾದ್ರೆ, ಡೌಟ್ ಬಂದವರನ್ನ ಮಾತ್ರ ಚೆನ್ನೈಗೆ ಕಳಿಸಿದ್ರೆ ಸಾಕು. ಅಲ್ಲಿಗೂ ಮುಂಚೆ ಮಾಡಬೇಕಾದ್ದಕ್ಕೆ ಖರ್ಚೇ ಇಲ್ಲ: ಹುಡುಗನ ಎರಡೂ ಕೈ ಚಾಚಿಸಿ, ಮೊಣಕೈ ಪೂರ್ತಿ ನೆಟ್ಟಗಾಗುತ್ತಾ ಇಲ್ವಾ ಅಂತ ಅಳೆದು ಬರೆದಿಟ್ಕೊಳ್ಳಿ.